ಎರಡು ಬಾಗಿಲ ಮನೆಯ ಗೆದ್ದಲು

ನನಗೆ ಹೆಣ್ಣು ಕೊಡಲು ಬಂದವರು "ಹುಡುಗ ಏನ್ ಮಾಡ್ತಾನ್ರಿ?" ಎಂದು ಕೇಳಿದಾಗ ನಮ್ಮಪ್ಪ ಬಹಳ ಗಂಭೀರವಾಗಿ, "ದಾವಣಗೆರೆ ಔಷಧಿ ಅಂಗಡ್ಯಾಗೆ ಅದಾನೆ. ಸುತ್ತಮುತ್ಲ ಊರಿಗೆಲ್ಲ ಹೋಗಿ ಔಷಧಿ ಹಾಕಿ ಬರ್ತಾನೆ" ಅಂದಿದ್ದರು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ನನ್ನ ಹೆಂಡತಿ ನನ್ನ ಅಂಗಿ ಒಗೆಯಲು ಹೋಗಿ, ಮೂಗು ಮುಚ್ಚಿಕೊಂಡು, "ಯಾರಿಗೆ ಹಾಕ್ತೀರಿ ಈ ಔಷಧಿ?" ಎಂದು ಕೇಳಿದಳು. "ತಿಗಣೆಗೆ, ಜಿರಲೆಗೆ, ಇಲಿಗೆ. ಹೆಚ್ಚಾಗಿ ಗೆದ್ದಲಿಗೆ" ಅಂದೆ. ಕೆಲವು ದಿನ ಮಾತು ಬಿಟ್ಟಳು. ಆಮೇಲೆ ತವರಿನಿಂದ ತಂದ ಮರದ ಪೆಟ್ಟಿಗೆಯನ್ನು ನನ್ನ ಮುಂದೆ ತಳ್ಳಿ, "ಇದಕ್ಕೂ ಈಟು ಹಾಕ್ರಿ" ಎಂದಳು. ಅಲ್ಲಿಂದ ನಮ್ಮ ಸಂಸಾರ ಸುಸೂತ್ರವಾಗಿ ನಡೆಯಿತು.

ಈಗ ಈ ಕೆಲಸಕ್ಕೆ ಒಳ್ಳೆಯ ಇಂಗ್ಲಿಷ್ ಹೆಸರಿದೆ, ಸಮವಸ್ತ್ರವಿದೆ, ಮುಖಕ್ಕೆ ಮುಸುಕಿದೆ. ನಾನು ಸೇರಿದ ಐವತ್ತರ ದಶಕದ ಕೊನೆಯಲ್ಲಿ ನಮಗೆ ಇದ್ದದ್ದು ಒಂದು ಹಿತ್ತಾಳೆ ಪಂಪು, ಒಂದು ಹಾರೆ, ಎರಡು ಬಕೆಟ್ಟು. ಈಗ ಸೇರುವವರು ಕೆಲವರು ನನ್ನ ಹತ್ತಿರ ಬಂದು "ಅನುಭವ ಹೇಳ್ರಿ" ಅನ್ನುತ್ತಾರೆ. ಔಷಧಿಯ ವಿಚಾರ ನನ್ನನ್ನು ಕೇಳಬೇಡಿ. ನಾವು ಬರಿಗೈಯಲ್ಲಿ ಕಲಸುತ್ತಿದ್ದ ಡಿಡಿಟಿ, ಆಲ್ಡ್ರಿನ್‌ಗಳನ್ನೆಲ್ಲ ಈಗ ದೂರ ಇಟ್ಟಿದ್ದಾರೆ, ಒಳ್ಳೆಯದೇ ಆಯಿತು. ನಾನು ಹೇಳಬಲ್ಲದ್ದು ಗೆದ್ದಲಿನ ವಿಚಾರ, ಅದಕ್ಕಿಂತ ಹೆಚ್ಚಾಗಿ ಗೆದ್ದಲು ಹಿಡಿದ ಮನೆಯವರ ವಿಚಾರ.

ನಮ್ಮ ಅಂಗಡಿ ಹತ್ತಿ ಮಂಡಿಯ ಹಿಂದಿನ ಬೀದಿಯಲ್ಲಿತ್ತು. ಯಜಮಾನರು ಸಿದ್ಧರಾಮಪ್ಪನವರು. ಮೊದಲು ಹತ್ತಿಬೀಜದ ವ್ಯಾಪಾರ, ಆಮೇಲೆ ಹತ್ತಿಗೆ ಬೀಳುವ ಹುಳದ ಔಷಧಿ, ಅದಾದ ಮೇಲೆ ಮನೆಯ ಹುಳಕ್ಕೂ ಕೈಹಾಕಿದರು. ಔಷಧಿಯ ಮೇಲೆ ಅವರಿಗಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. ನನಗೆ ಕೆಲಸ ಕಲಿಸಿದವರು ಖಾಸಿಂ ಸಾಬರು. ಮಲೇರಿಯಾ ಸ್ಕೀಮಿನಲ್ಲಿ ಹಳ್ಳಿ ಹಳ್ಳಿಯ ಗೋಡೆಗೆ ಡಿಡಿಟಿ ಹೊಡೆದು ಬಂದವರು. ಹಾಗೆ ಹೊಡೆಯುವಾಗ ಎಷ್ಟು ಜನರ ಬೈಗುಳ ತಿಂದಿದ್ದರೆಂದರೆ, ಯಾರು ಏನಂದರೂ ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ.

"ಬಸಣ್ಣ, ಮನಿಗೆ ಹೋದ ಕೂಡ್ಲೇ ಪಂಪ್ ಬಿಚ್ಚಬ್ಯಾಡ" ಎನ್ನುವುದು ಅವರ ಮೊದಲ ಪಾಠ. "ಮೊದ್ಲು ಬಾಗ್ಲಾ ಬಡಿ. ಯಾರನ್ನೂ ಕರಿಯೋಕಲ್ಲ. ಸುಮ್ನೆ ಬಡಿ, ಕೇಳು."

ಬೆರಳ ಗಣ್ಣಿನಿಂದ ಚೌಕಟ್ಟನ್ನು ಕೆಳಗಿನಿಂದ ಮೇಲಿನವರೆಗೆ ಬಡಿಯುತ್ತ ಹೋಗಬೇಕು. ಗಟ್ಟಿ ಮರ ಚುಟುಕಾಗಿ ಉತ್ತರ ಕೊಡುತ್ತದೆ. ಗೆದ್ದಲು ತಿಂದ ಮರ ಡೊಳ್ಳಿನ ಹಾಗೆ ದನಿ ಎಳೆಯುತ್ತದೆ. ಮೇಲಿನ ಬಣ್ಣ ಥಳಥಳ ಅನ್ನುತ್ತಿರಬಹುದು, ಅದನ್ನು ನಂಬಬೇಡಿ. ಗೆದ್ದಲು ಬಣ್ಣ ತಿನ್ನುವುದಿಲ್ಲ, ಒಳಗಿನ ತಿರುಳು ತಿಂದು, ಸಿಪ್ಪೆಯನ್ನು ಮರ್ಯಾದೆಗೆಂದು ಬಿಟ್ಟಿರುತ್ತದೆ.

ಮರ್ಯಾದೆ ಎಂದಾಗ ನೆನಪಾಯಿತು. ನನ್ನ ಇಡೀ ಸರ್ವಿಸಿನಲ್ಲಿ ಆಯಾ ಮನೆಯಲ್ಲೇ ಹುಟ್ಟಿದ ಒಂದು ತಿಗಣೆಯನ್ನೂ ನಾನು ನೋಡಿಲ್ಲ. ಎಲ್ಲವೂ ಬೇರೆ ಕಡೆಯಿಂದ ಬಂದವೇ. ಪಕ್ಕದ ಮನೆಯ ಹಾಸಿಗೆಯಿಂದ, ಬೀಗರ ಟ್ರಂಕಿನಿಂದ, ಟಾಕೀಸಿನ ಕುರ್ಚಿಯಿಂದ. ಟಾಕೀಸಿನವರನ್ನು ಕೇಳಿದರೆ ಪ್ರೇಕ್ಷಕರು ತಂದು ಬಿಟ್ಟು ಹೋದರು ಅನ್ನುತ್ತಿದ್ದರು. ದಾವಣಗೆರೆಯ ಒಂದು ಖಾನಾವಳಿಯ ಮಾಲೀಕರಂತೂ ನಮ್ಮನ್ನು ಔಷಧಿಯವರಾಗಿ ಒಳಗೆ ಬಿಡಲಿಲ್ಲ. ಪಂಪನ್ನು ಹಾಸಿಗೆ ಸುರುಳಿಯಲ್ಲಿ ಸುತ್ತಿಕೊಂಡು ಸಂಬಂಧಿಕರ ಹಾಗೆ ಬರಬೇಕೆಂದು ತಾಕೀತು ಮಾಡಿದರು. ನಾವು ಹಾಗೇ ಹೋದೆವು. ಊಟಕ್ಕೆ ಕೂತಿದ್ದವರ ಮುಂದೆ ಮಾಲೀಕರು ಎದ್ದು ಬಂದು, "ಬರ್ರಿ ಮಾವ, ಪ್ರಯಾಣ ಆರಾಮಾತಾ?" ಎಂದು ಖಾಸಿಂ ಸಾಬರ ಕೈ ಹಿಡಿದುಕೊಂಡರು. ಸಾಬರು ತಮ್ಮ ಗಡ್ಡ ನೇವರಿಸಿಕೊಂಡು, "ಆತು ನೋಡ್ರಿ ಅಳಿಯಂದ್ರೆ, ಮಗಳು ಹೆಂಗೆ ಅದಾಳೆ?" ಎಂದು ಕೇಳಿದರು. ರೊಟ್ಟಿ ಮುರಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. ಆ ಖಾನಾವಳಿಯಲ್ಲಿ ಮುಂದೆ ನಮಗೆ ಯಾವತ್ತು ಹೋದರೂ ಮಾವನ ಮರ್ಯಾದೆಯೇ ಸಿಕ್ಕಿತು.

ನಮ್ಮ ಯಜಮಾನರಿಗೂ ಒಂದು ಸಲ ಮರ್ಯಾದೆಯ ಪ್ರಶ್ನೆ ಬಂತು. ಅಂಗಡಿಯ ಮುಂದೆ ಎರಡು ಮರದ ಕಂಬ ನೆಲದಲ್ಲಿ ಹೂತು, ಅದರ ಮೇಲೆ 'ಗೆದ್ದಲಿಗೆ ರಾಮಬಾಣ' ಎಂದು ದೊಡ್ಡ ಬೋರ್ಡು ಹಾಕಿಸಿದ್ದರು. ಊರ ಗೆದ್ದಲನ್ನೆಲ್ಲ ಕೊಲ್ಲುವ ಗಡಿಬಿಡಿಯಲ್ಲಿ ಆ ಕಂಬಗಳ ಬುಡವನ್ನು ಯಾರೂ ನೋಡಿರಲಿಲ್ಲ. ಸಂತೆಯ ದಿನ, ಜನ ಕಿಕ್ಕಿರಿದಿದ್ದ ಹೊತ್ತಿಗೆ, ಬೋರ್ಡು ನಿಧಾನವಾಗಿ ಬಾಗಿ ನಮಸ್ಕಾರ ಮಾಡಿದ ಹಾಗೆ ನೆಲಕ್ಕೆ ಬಂತು. ಯಜಮಾನರು ಹೊರಗೆ ಬಂದು ನೋಡಿ, ಒಳಗೆ ಹೋಗಿ, ಮಧ್ಯಾಹ್ನದೊಳಗೆ ಗೋಡೆಗೆ ತಗಡಿನ ಬೋರ್ಡು ಹೊಡೆಸಿದರು. ಮರ ಮಣ್ಣನ್ನು ಮುಟ್ಟಬಾರದು, ನಡುವೆ ಕಲ್ಲು ಇರಬೇಕು ಎಂದು ಗಿರಾಕಿಗಳಿಗೆ ಹೇಳುವಾಗಲೆಲ್ಲ ನನಗೆ ಆ ಬೋರ್ಡು ಕಣ್ಣಮುಂದೆ ಬರುತ್ತಿತ್ತು.

ಇನ್ನು ಹರಿಹರದ ಮನೆಯ ಕಥೆಗೆ ಬರುತ್ತೇನೆ. ನಾನು ಗೆದ್ದಲಿನ ಕೆಲಸ ಕಲಿತದ್ದು ಖಾಸಿಂ ಸಾಬರಿಂದ ಅರ್ಧ, ಈ ಮನೆಯಿಂದ ಅರ್ಧ.

ಒಂದು ಬೇಸಿಗೆಯಲ್ಲಿ ವೀರಭದ್ರಪ್ಪ ಎನ್ನುವವರು ಅಂಗಡಿಗೆ ಬಂದರು. ಹರಿಹರದಲ್ಲಿ ಜವಳಿ ಅಂಗಡಿ, ಭಾನುವಳ್ಳಿಯಲ್ಲಿ ಕಾಲುವೆ ಕೆಳಗೆ ಗದ್ದೆ. "ಪಡಸಾಲಿ ಬಾಗ್ಲಿಗೆ ಗೆದ್ಲು ಹತ್ತೈತ್ರಿ. ನಮ್ಮವಲ್ಲ ಅವು, ಆ ಕಡಿಯಿಂದ ಬರ್ತಾವೆ" ಎಂದರು. ಆ ಕಡೆ ಎಂದರೆ ಯಾವ ಕಡೆ ಎಂದು ಅವರು ಹೇಳಲಿಲ್ಲ. ನಾವು ಬಸ್ಸಿನ ಮೇಲೆ ಪಂಪು ಹೇರಿ, ವಾಸನೆಗೆ ಕಂಡಕ್ಟರು ಗೊಣಗುವುದನ್ನು ಕೇಳಿಕೊಂಡು ಹರಿಹರಕ್ಕೆ ಹೋದೆವು.

ಹೊಳೆಗೆ ಹೋಗುವ ಓಣಿಯಲ್ಲಿ ಆ ಮನೆ. ದೂರದಿಂದಲೇ ಗೊತ್ತಾಯಿತು. ಒಂದೇ ಮನೆ, ಒಂದೇ ಮಾಳಿಗೆ, ಆದರೆ ಮುಂದಿನ ಗೋಡೆ ಅರ್ಧ ಹಸಿರು, ಅರ್ಧ ನೀಲಿ. ಬಾಗಿಲು ಎರಡು. ಹೊರಗಿನ ಕಟ್ಟೆಯ ನಡುವೆ ಒಂದು ಸಾಲು ಇಟ್ಟಿಗೆ. ಹಸಿರು ಕಡೆ ವೀರಭದ್ರಪ್ಪ. ನೀಲಿ ಕಡೆ ಅವರ ತಮ್ಮ ಚನ್ನಬಸಪ್ಪ, ಒಂದು ಎಮ್ಮೆಯ ಮೈ ತಿಕ್ಕುತ್ತ ಕೂತಿದ್ದ. ಅಣ್ಣತಮ್ಮಂದಿರು ಪಾಲಾಗಿ ನಾಕು ವರ್ಷವಾಗಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲ ಎಂದರೆ ಸುಮ್ಮನಿರುತ್ತಿದ್ದರು ಎಂದಲ್ಲ. ಅಣ್ಣ ನಮಗೆ ಹೇಳುವ ಹಾಗೆ ತಮ್ಮನಿಗೆ ಹೇಳುತ್ತಿದ್ದರು. ತಮ್ಮ ಎಮ್ಮೆಗೆ ಹೇಳುವ ಹಾಗೆ ಅಣ್ಣನಿಗೆ ಹೇಳುತ್ತಿದ್ದ.

"ಕೆಲವ್ರು ಬಚ್ಚಲ ನೀರು ಗ್ವಾಡಿ ಬುಡಕ್ಕೆ ಬಿಡ್ತಾರೆ ನೋಡ್ರಿ, ಗೆದ್ಲು ಬರದೆ ಏನ್ ಮಾಡ್ತಾವೆ?" ಎಂದರು ವೀರಭದ್ರಪ್ಪ ನನ್ನ ಕಡೆ ತಿರುಗಿ.

"ಕೇಳಿದ್ಯಾ ಗೌರಿ?" ಎಂದ ಚನ್ನಬಸಪ್ಪ ಎಮ್ಮೆಗೆ. "ಕಟಿಗಿ ಒಟ್ಟು ಗ್ವಾಡಿಗೆ ಒರಗಿಸಿ ಇಟ್ಟೋರು ಯಾರು, ಬೈಸ್ಕೊಳೋರು ಯಾರು!"

ಎಮ್ಮೆ ಇಬ್ಬರ ಮಾತಿಗೂ ತಲೆದೂಗಿತು. ನಿಜ ಹೇಳಬೇಕೆಂದರೆ ಇಬ್ಬರು ಹೇಳಿದ್ದೂ ಸರಿ. ಗೆದ್ದಲಿಗೆ ಬೇಕಾದದ್ದು ತೇವ ಮತ್ತು ಕಟ್ಟಿಗೆ. ತಮ್ಮ ಒಂದನ್ನು ಒದಗಿಸಿದ್ದ, ಅಣ್ಣ ಇನ್ನೊಂದನ್ನು ಒದಗಿಸಿದ್ದರು. ಆ ಮನೆಯಲ್ಲಿ ಅವರಿಬ್ಬರೂ ಕೂಡಿ ಮಾಡಿದ ಕೆಲಸ ಅದೊಂದೇ.

ನಾವು ಹಸಿರು ಕಡೆಗೆ ಔಷಧಿ ಹಾಕಿದೆವು. ಹೊರಗೆ ಗೋಡೆಯ ಬುಡದಲ್ಲಿ ಮೊಳ ಆಳ ಗುಂಡಿ ತೋಡಿ, ಔಷಧಿ ನೀರು ಕುಡಿಸಿ, ಮಣ್ಣು ಮುಚ್ಚಿಕೊಂಡು ಬಂದೆವು. ಇಟ್ಟಿಗೆ ಸಾಲಿನ ಹತ್ತಿರ ಬಂದಾಗ ವೀರಭದ್ರಪ್ಪ ಕೈ ಅಡ್ಡ ಹಿಡಿದರು. "ಸಾಕ್ರಿ. ಅಲ್ಲಿಂದ ಮುಂದೆ ನಮ್ದಲ್ಲ."

ಖಾಸಿಂ ಸಾಬರು ಹಾರೆ ಕೆಳಗಿಟ್ಟು, ನನ್ನ ಕಿವಿಯಲ್ಲಿ, "ಅರ್ಧ ಗಡ್ಡ ಬೋಳಿಸಿ ಕಳಿಸಿದಂಗೆ ಆತಲ್ಲೋ" ಎಂದರು. ಹಾಗೇ ಆಯಿತು. ಮಳೆಗಾಲದ ಮೊದಲಲ್ಲಿ ಚನ್ನಬಸಪ್ಪ ಅಂಗಡಿಯ ಬಾಗಿಲಲ್ಲಿ ನಿಂತು, "ನೀವು ಅಲ್ಲಿಂದ ಓಡಿಸಿದ್ದೆಲ್ಲ ನಮ್ಮ ಮನ್ಯಾಗೆ ಬಂದು ಕುಂತಾವೆ. ಇದು ಯಾವ ಸೀಮೆ ನ್ಯಾಯ?" ಎಂದು ಕೂಗಾಡಿದ. ಒಂದೇ ಮನೆಗೆ ಎರಡು ಸಲ ಕೆಲಸ ಸಿಕ್ಕಿತೆಂದು ನಮ್ಮ ಯಜಮಾನರಿಗೆ ಒಳಗೊಳಗೇ ಖುಷಿ. ನಾವು ಹೋಗಿ ನೀಲಿ ಕಡೆಗೂ ಹಾಕಿದೆವು. ಇಟ್ಟಿಗೆ ಸಾಲಿನವರೆಗೆ ಬಂದಾಗ ಈ ಸಲ ತಮ್ಮ ಕೈ ಅಡ್ಡ ಹಿಡಿದ.

ಮಳೆ ನಿಂತ ಮೇಲೆ ಇಬ್ಬರೂ ಒಂದೇ ದಿನ ಬಂದರು. ಒಬ್ಬರು ಬೆಂಚಿನ ಮೇಲೆ, ಒಬ್ಬ ಹೊರಗೆ ಬೇವಿನ ಮರದ ಕೆಳಗೆ. ಎರಡೂ ಕಡೆ ಗೆದ್ದಲು ಮತ್ತೆ ಬಂದಿತ್ತು. ಅಷ್ಟರಲ್ಲಿ ಹರಿಹರದ ಪೇಟೆಯಲ್ಲಿ ನಮ್ಮ ಔಷಧಿ ಕುಡಿದರೆ ಗೆದ್ದಲು ದುಂಡಗಾಗುತ್ತವೆ ಎಂಬ ಮಾತು ಹಬ್ಬಿತ್ತು. ಯಜಮಾನರು ಕೆಂಪಾದರು. "ಹೋಗ್ರಿ. ಬೇರು ಎಲ್ಲೈತೆ ನೋಡಿಕೊಂಡೇ ವಾಪಸ್ ಬರ್ರಿ. ಇಲ್ಲಂದ್ರೆ ಬರಬ್ಯಾಡ್ರಿ" ಎಂದು ನಮ್ಮಿಬ್ಬರನ್ನು ಹೊರಡಿಸಿದರು.

ನೋಡದೆ ಉಳಿದ ಜಾಗ ಒಂದೇ. ಎರಡು ಪಾಲಿನ ನಡುವೆ ದೇವರ ಮನೆ. ಅದನ್ನು ಪಾಲು ಮಾಡಿರಲಿಲ್ಲ. ಹಸಿರು ಕಡೆಗೊಂದು ಬಾಗಿಲು, ನೀಲಿ ಕಡೆಗೊಂದು ಬಾಗಿಲು. ಬೆಳಿಗ್ಗೆ ಪೂಜೆ ಅಣ್ಣನದು, ಸಂಜೆಯದು ತಮ್ಮನದು. ಒಬ್ಬರ ಮುಖ ಒಬ್ಬರು ನೋಡುವ ಪ್ರಸಂಗವೇ ಬಾರದಂತೆ ದೇವರು ಎರಡು ಪಾಳಿ ದುಡಿಯುತ್ತಿದ್ದ. ಅವರ ತಾಯಿ ಗಂಗವ್ವ ಮಲಗುವುದು ಅಲ್ಲೇ. ಊಟ ಒಂದು ತಿಂಗಳು ಹಿರಿಯವನ ಕಡೆ, ಒಂದು ತಿಂಗಳು ಕಿರಿಯವನ ಕಡೆ. ಇಬ್ಬರು ಸೊಸೆಯರೂ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಹಠಕ್ಕೆ ಬಿದ್ದು ತುಪ್ಪ ಬಡಿಸುತ್ತಿದ್ದರು. ಮುದುಕಿಗೆ ಯಾವುದಕ್ಕೂ ಕಡಿಮೆ ಇರಲಿಲ್ಲ, ಮಕ್ಕಳನ್ನು ಒಟ್ಟಿಗೆ ನೋಡುವುದೊಂದು ಬಿಟ್ಟು.

"ಇಲ್ಲೇನೂ ಇಲ್ಲಪ್ಪ" ಎಂದು ಗಂಗವ್ವ ಬಾಗಿಲಲ್ಲಿ ಅಡ್ಡ ನಿಂತರು. "ನಾನೇ ದಿನಾ ಕೈಯಾರೆ ಸಾರಸ್ತೀನಿ. ಹುಳ ಬರ್ಲಿಕ್ಕೆ ಇದೇನು ನನ್ನ ಮಕ್ಕಳ ಮನಿಯಾ?"

"ಒಂದ್ಸಾರಿ ಬಡಿದು ನೋಡ್ತೀನಿ ಅವ್ವಾರೆ, ಅಷ್ಟೆ."

ಖಾಸಿಂ ಸಾಬರು ದೇವರ ಮನೆಯೆಂದು ಸಂಕೋಚದಿಂದ ಹೊರಗೇ ನಿಂತಿದ್ದರು. ಗಂಗವ್ವ ಅವರನ್ನು ನೋಡಿ, "ನೀನ್ಯಾಕಪ್ಪ ಬಿಸಿಲಾಗೆ ನಿಂತಿ? ಚಪ್ಲಿ ಬಿಟ್ಟು ಬಾ. ನೋಡೋದಾದ್ರೆ ಇಬ್ರೂ ನೋಡ್ರಿ" ಎಂದು ದಾರಿ ಬಿಟ್ಟರು.

ಒಳಗೆ ಕನ್ನಡಿಯಂಥ ಸ್ವಚ್ಛ. ನೆಲಕ್ಕೆ ಸಗಣಿ, ಗೋಡೆಗೆ ಕೆಮ್ಮಣ್ಣು, ಎಲ್ಲ ಅವತ್ತಿನ ಹಸಿ. ದೇವರನ್ನು ಕೂರಿಸುವ ಮಣ್ಣಿನ ಕಟ್ಟೆಗೆ ನಮ್ಮ ಕಡೆ ಜಗಲಿ ಅನ್ನುತ್ತಾರೆ, ಆ ಜಗಲಿಯ ಹಿಂದೆ ಒಂದು ಮರದ ಕಂಬ. ಅದರ ಮೇಲೆ ಇಡೀ ಮಾಳಿಗೆಯ ನಡುತೊಲೆ. ಕಂಬದ ಮೇಲೆ ಗೆದ್ದಲಿನ ಮಣ್ಣುದಾರಿಯ ಒಂದು ಎಳೆಯೂ ಇರಲಿಲ್ಲ. ನಾನು ಬಡಿದೆ. ಡೊಳ್ಳಿನ ದನಿ ಬಂತು. ಸ್ಕ್ರೂಡ್ರೈವರು ಒತ್ತಿದೆ. ಕಡುಬಿನಲ್ಲಿ ಇಳಿದ ಹಾಗೆ ಹಿಡಿಯವರೆಗೆ ಇಳಿಯಿತು. ನಡುತೊಲೆಯ ನೇರ ಕೆಳಗೆ ಗಂಗವ್ವನ ಹಾಸಿಗೆ ಸುತ್ತಿಟ್ಟಿತ್ತು.

"ಅವ್ವಾರೆ, ಇಲ್ಲಿ ಮಣ್ಣಿನ ಗೆರೆ ಬರ್ತಿದ್ವಾ?"

ಮುದುಕಿ ಎರಡೂ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ದಿನಾ ಬರ್ತಾವೆ. ನಸುಕಿನಾಗೆ ಎದ್ದು ಪೊರಕೀಲೆ ಬಳದು, ಮ್ಯಾಲೆ ಕೆಮ್ಮಣ್ಣು ಸಾರಸ್ತೀನಿ. ಯಾರಿಗೂ ಹೇಳಬ್ಯಾಡ ನನ್ನಪ್ಪ."

ಇಲ್ಲಿ ಒಂದು ಮಾತು. ಮನೆ ಇರುವವರೆಲ್ಲ ಮಾಡುವ ತಪ್ಪು ಇದು. ಮಣ್ಣುದಾರಿ ಒರೆಸಿದರೆ ಗೆದ್ದಲು ಹೋಗುವುದಿಲ್ಲ, ಕಣ್ಣಿಗೆ ಕಾಣುವುದು ಮಾತ್ರ ಹೋಗುತ್ತದೆ. ದಾರಿಯನ್ನು ಒಂದು ಕಡೆ ಮುರಿದು ಬಿಡಿ. ಮಾರನೆಯ ದಿನ ರಿಪೇರಿಯಾಗಿದ್ದರೆ ಒಳಗೆ ಸಂಸಾರ ಜೋರಾಗಿ ನಡೆದಿದೆ ಎಂದು ತಿಳಿಯಿರಿ. ಆದರೆ ಗಂಗವ್ವ ತಿಳಿಯದೆ ಮಾಡಿದ್ದಲ್ಲ.

"ಯಾಕೆ ಮುಚ್ಚಿಟ್ರಿ ಅವ್ವಾರೆ? ಕಂಬ ಕುಂತ್ರೆ ತೊಲೆ ನಿಮ್ಮ ಮೈ ಮ್ಯಾಲೇ ಬರ್ತೈತೆ."

"ಬರ್ಲಿ. ನೀವು ಇಲ್ಲಿ ಅಗದ್ರಿ ಅಂದ್ರೆ ಅರ್ಧ ಅಗಿಯೋದು ಅವನು, ಅರ್ಧ ಅಗಿಯೋದು ಇವನು ಅಂತಾರೆ. ಅಗದ ಮ್ಯಾಲೆ ನಡುವೆ ಒಂದು ಗ್ವಾಡಿ ಎಬ್ಬಿಸ್ತಾರೆ. ಇಡೀ ಮನ್ಯಾಗೆ ಒಡೀದೆ ಉಳಿದಿರೋದು ಇದೊಂದೇ ಕ್ವಾಣೆ. ಇದೂ ಎರಡಾತು ಅಂದ್ರೆ ನಾನು ಯಾವ ಕಡೆ ಮಲಗ್ಲಿ, ನೀನೇ ಹೇಳು?"

ಯಾವ ಔಷಧಿಯ ಡಬ್ಬಿಯ ಮೇಲೂ ಇದಕ್ಕೆ ಉತ್ತರ ಬರೆದಿರಲಿಲ್ಲ. ಖಾಸಿಂ ಸಾಬರು ತೊಲೆಯ ಕಡೆ ಕೈ ತೋರಿಸಿ, "ಅಮ್ಮಾ, ಕ್ವಾಣೆ ಎರಡಾದ್ರೆ ಒಂದು ದುಃಖ. ನೀನು ಇದರ ಕೆಳಗೆ ಹೋದ್ರೆ ಇವರಿಗೆ ಕೂಡೋಕೆ ಕ್ವಾಣೆನೂ ಇಲ್ಲ, ನೀನೂ ಇಲ್ಲ" ಎಂದರು. ಗಂಗವ್ವ ಸೆರಗಿನಿಂದ ಜಗಲಿಯ ಮೇಲಿನ ವಿಭೂತಿ ಒರೆಸುತ್ತ ನಿಂತರು. ಬೇಡ ಎನ್ನಲಿಲ್ಲ, ಅದನ್ನೇ ನಾವು ಒಪ್ಪಿಗೆ ಎಂದುಕೊಂಡೆವು.

ಹೊರಗೆ ಬಂದು ಇಟ್ಟಿಗೆ ಸಾಲಿನ ಮೇಲೆ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟುಕೊಂಡು ನಿಂತು, ಇಬ್ಬರಿಗೂ ಕೇಳುವ ಹಾಗೆ ಹೇಳಿದೆ. ದೇವರ ಮನೆಯ ಕಂಬ ಪೊಳ್ಳಾಗಿದೆ. ತೊಲೆ ಯಾವಾಗ ಬೀಳುತ್ತದೋ ಹೇಳಲು ಬರುವುದಿಲ್ಲ. ಕೆಳಗೆ ನಿಮ್ಮ ಅವ್ವ ಮಲಗುತ್ತಾರೆ.

ವೀರಭದ್ರಪ್ಪನ ಕೈಯಲ್ಲಿದ್ದ ಎಲೆಅಡಿಕೆ ತಟ್ಟೆ ಕೆಳಗೆ ಬಿತ್ತು. ಚನ್ನಬಸಪ್ಪ ಎಮ್ಮೆಯ ಹಗ್ಗ ಬಿಟ್ಟು ಎದ್ದ. "ಅವ್ವ ಇವತ್ತಿಂದ ನಮ್ಮ ಕಡೆ ಮಲಗ್ಲಿ ಅಂತ ಹೇಳ್ರಿ ಅವ್ನಿಗೆ" ಎಂದರು ಅಣ್ಣ. "ಯಾಕೆ, ನಮ್ಮ ಕಡೆ ಜಾಗ ಇಲ್ಲೇನು ಗೌರಿ?" ಎಂದ ತಮ್ಮ. ಎಮ್ಮೆ ಆಗಲೇ ಹೊಳೆಯ ಕಡೆ ಹೊರಟು ಹೋಗಿತ್ತು. ಒಳಗಿಂದ ಗಂಗವ್ವನ ದನಿ ಬಂತು. "ನಾನು ಯಾರ ಕಡೆಗೂ ಬರಲ್ಲ. ಬಿದ್ರೆ ಇಲ್ಲೇ ಬೀಳ್ಲಿ."

ಬೇರೆ ದಾರಿ ಇರಲಿಲ್ಲ. ಬಡಿಗೇರರನ್ನು ಕರೆಸಿ ತೊಲೆಗೆ ಊರುಗಂಬ ಕೊಡಿಸಿದೆವು. ಇಬ್ಬರೂ ತಮ್ಮ ತಮ್ಮ ಬಾಗಿಲಿಂದ ದೇವರ ಮನೆಗೆ ಬಂದು, ದೇವರನ್ನು ಎತ್ತಿ ಅವ್ವನ ಮಡಿಲಲ್ಲಿಟ್ಟರು. ಜಗಲಿಯನ್ನು ನಾವು ಕಿತ್ತೆವು. ಕೆಳಗೆ ಹಂಡೆಯಷ್ಟು ದೊಡ್ಡ ಗೂಡು. ಒಳಗೆ ಒಂದು ಮಣ್ಣಿನ ಕೋಣೆ, ಅದರೊಳಗೆ ಹೆಬ್ಬೆರಳಿಗಿಂತ ಉದ್ದದ ರಾಣಿ, ಅಲುಗಾಡಲೂ ಆಗದಷ್ಟು ಉಬ್ಬಿಕೊಂಡು ಮಲಗಿತ್ತು. ಎರಡೂ ಕಡೆಗೆ ದಾರಿ ಹೋಗಿತ್ತು. ಗೆದ್ದಲುಗಳು ನಾಕು ವರ್ಷದಿಂದ ಹಸಿರು ಮನೆಗೂ ನೀಲಿ ಮನೆಗೂ ಓಡಾಡಿಕೊಂಡು ಸುಖವಾಗಿದ್ದವು.

ವೀರಭದ್ರಪ್ಪ ಬಗ್ಗಿ ನೋಡಿದರು. ನೋಡಿ, ಬೆರಳು ತೋರಿಸಿ, "ನೋಡಲೇ! ರಾಣಿ ನಿನ್ನ ಕಡೀಗೇ ಐತೆ!" ಎಂದರು.

ಅವರು ಆ ಮಾತನ್ನು ನನಗೆ ಹೇಳಿರಲಿಲ್ಲ.

"ಕಣ್ಣು ಕಾಣ್ತಾವೇನು ನಿಂಗೆ?" ಎಂದ ಚನ್ನಬಸಪ್ಪ. "ಅದು ನಿನ್ನ ಬಾಗ್ಲಿಗೆ ಹತ್ರ. ಹಗ್ಗ ತಗಂಡು ಅಳಿ ಬೇಕಾರೆ!"

ನಿಜವಾಗಿಯೂ ಹಗ್ಗ ತಂದರು. ಅಣ್ಣ ಒಂದು ತುದಿ, ತಮ್ಮ ಒಂದು ತುದಿ ಹಿಡಿದು ರಾಣಿಯಿಂದ ಎರಡೂ ಬಾಗಿಲಿಗೆ ಅಳೆದರು. ಅಳತೆ ಒಪ್ಪಿಗೆಯಾಗಲಿಲ್ಲ. ಅಲ್ಲಿಂದ ಜಗಳ ಕಾಲುವೆ ನೀರಿಗೆ ಹೋಯಿತು, ಅಲ್ಲಿಂದ ಉಕ್ಕಡಗಾತ್ರಿ ಜಾತ್ರೆಗೆ ಹೋದಾಗ ಯಾರು ಯಾರನ್ನು ಗಾಡಿ ಹತ್ತಿಸದೆ ಬಿಟ್ಟು ಬಂದರು ಎನ್ನುವುದಕ್ಕೆ ಹೋಯಿತು, ಅಲ್ಲಿಂದ ಚಿಕ್ಕಂದಿನ ಒಂದು ಬುಗುರಿಗೆ ಹೋಯಿತು. "ಲೇ", "ಹೋಗಲೇ", "ನೀ ಹೋಗಲೇ". ನಾನು ಔಷಧಿಯ ಬಕೆಟ್ಟು ಹಿಡಿದುಕೊಂಡು ನಡುವೆ ಸಿಕ್ಕಿಕೊಂಡಿದ್ದೆ. ತಿರುಗಿ ನೋಡಿದರೆ ಗಂಗವ್ವ ಮೂಲೆಯಲ್ಲಿ ದೇವರನ್ನು ಅಪ್ಪಿಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಕಣ್ಣಲ್ಲಿ ಧಾರಾಕಾರ ನೀರು.

"ಬಿಡಿಸ್ಲೇನ್ರಿ ಅವ್ವಾರೆ?" ಎಂದು ಕೇಳಿದೆ.

"ಸುಮ್ಕಿರಪ್ಪ!" ಎಂದು ಗದರಿದರು. "ನಾಕು ವರ್ಷ ಆತು ಇವು ಒಬ್ಬರಿಗೊಬ್ರು ಲೇ ಅಂದು."

ಆ ದಿನ ನನಗಾದ ಸಂತೋಷ ಮುಂದೆ ಯಾವ ಮನೆಯಲ್ಲೂ ಆಗಲಿಲ್ಲ. ಜಗಳ ಮುಗಿಯುವವರೆಗೆ ಕಾದು, ರಾಣಿಯನ್ನೂ ಗೂಡನ್ನೂ ತೆಗೆದುಹಾಕಿ, ಇಡೀ ಮನೆಯ ಸುತ್ತ, ಇಟ್ಟಿಗೆ ಸಾಲನ್ನೂ ಕಿತ್ತು, ಒಂದೇ ಉದ್ದನೆಯ ಗುಂಡಿ ತೋಡಿ ಔಷಧಿ ಕುಡಿಸಿದೆವು. ಬಾವಿಯ ಕಡೆ ಮಾತ್ರ ಬಿಟ್ಟೆವು, ನೀರಿನ ಹತ್ತಿರ ವಿಷ ಒಯ್ಯಬಾರದು. ಬಚ್ಚಲ ನೀರು ದೂರ ಹೋಯಿತು, ಕಟ್ಟಿಗೆ ಒಟ್ಟು ಹಿತ್ತಲಿಗೆ ಹೋಯಿತು. ಹೊಸ ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸುವಾಗ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಭುಜ ಕೊಟ್ಟರು. ಗಂಗವ್ವ ಹೆದರಿದಂತೆ ನಡುವೆ ಗೋಡೆ ಏಳಲಿಲ್ಲ. ಹಾಗೆಂದು ಅಣ್ಣತಮ್ಮ ಒಂದಾಗಲೂ ಇಲ್ಲ. ಹಸಿರು ಹಸಿರೇ, ನೀಲಿ ನೀಲಿಯೇ. ಕೆಲವೇ ದಿನಕ್ಕೆ ಮಾತು ಮತ್ತೆ ಎಮ್ಮೆಯ ಮೂಲಕ ಶುರುವಾಯಿತಂತೆ.

ನಾವು ಹೊರಡುವಾಗ ಗಂಗವ್ವ ನನ್ನ ಚೀಲಕ್ಕೆ ಮಂಡಕ್ಕಿ ಉಂಡೆ ತುರುಕಿ, "ಎಲ್ಲಾ ಸಾಯಿಸಿಬಿಟ್ಯೇನಪ್ಪ?" ಎಂದು ಕೇಳಿದ್ದರು.

"ಒಂದೂ ಉಳಿದಿಲ್ರಿ" ಎಂದೆ ಹೆಮ್ಮೆಯಿಂದ.

ಅವರ ಮುಖ ಬಾಡಿತು. "ಈಟು ಉಳಿಸಬೇಕಿತ್ತು" ಎಂದರು.

ನನಗೆ ತಟ್ಟನೆ ಅರ್ಥವಾಯಿತು. ಅಣ್ಣತಮ್ಮಂದಿರ ಕಡೆ ತಿರುಗಿ, ಬಹಳ ಕಲಿತವನ ಹಾಗೆ, "ವರ್ಷಕ್ಕೊಂದ್ಸಾರಿ ಮಳೆಗಾಲ ಮುಗಿದ ಮ್ಯಾಲೆ ಬಂದು ನೋಡಬೇಕಾಗ್ತೈತೆ. ಇಬ್ರೂ ಮುಂದೆ ನಿಂತಿರಬೇಕು. ಒಬ್ರು ಇಲ್ಲಂದ್ರೂ ಗ್ಯಾರಂಟಿ ಇಲ್ಲ" ಎಂದೆ. ಖಾಸಿಂ ಸಾಬರು ಪಂಪಿನ ಪಟ್ಟಿ ಬಿಗಿಯುವ ನೆಪದಲ್ಲಿ ಬಗ್ಗಿ ನಗುತ್ತಿದ್ದರು.

ಹಾಗೆ ವರ್ಷವರ್ಷ ಹೋದೆ. ಕಂಬ ಬಡಿಯುತ್ತಿದ್ದೆ, ಗಟ್ಟಿ ದನಿ ಬರುತ್ತಿತ್ತು. ಅಣ್ಣತಮ್ಮ ಅಕ್ಕಪಕ್ಕ ನಿಂತು ಯಾವುದಾದರೊಂದು ಹಳೆಯ ಜಗಳ ತೆಗೆಯುತ್ತಿದ್ದರು, ಗಂಗವ್ವ ಚಹಾ ಕಾಸಿಕೊಂಡು ಬರುತ್ತಿದ್ದರು. ಆಮೇಲೊಂದು ಬೇಸಿಗೆಯಲ್ಲಿ ಗಂಗವ್ವ ತೀರಿಕೊಂಡ ಸುದ್ದಿ ಬಂತು. ಆ ವರ್ಷ ಮಳೆಗಾಲ ಮುಗಿದರೂ ನಾನು ಹೋಗಲಿಲ್ಲ. ಯಾರಿಗಾಗಿ ಹೋಗುತ್ತಿದ್ದೆನೋ ಅವರೇ ಇಲ್ಲವಲ್ಲ ಎನ್ನಿಸಿತ್ತು.

ದೀಪಾವಳಿಯ ಹೊತ್ತಿಗೆ ಹರಿಹರದಿಂದ ಹೇಳಿ ಕಳಿಸಿದರು. ದೇವರ ಮನೆಯ ಕಂಬಕ್ಕೆ ಮತ್ತೆ ಗೆದ್ದಲು ಹತ್ತಿದೆ, ಬೇಗ ಬರಬೇಕು. ನಾನು ಕಂಗಾಲಾಗಿ ಓಡಿದೆ. ಅಣ್ಣತಮ್ಮ ಇಬ್ಬರೂ ದೇವರ ಮನೆಯಲ್ಲಿ ಕಾಯುತ್ತಿದ್ದರು. ಕಂಬದ ಹಸಿರು ಕಡೆಯ ಮಗ್ಗಲಿಗೆ ಒಂದು ಮಣ್ಣಿನ ಗೆರೆ, ನೀಲಿ ಕಡೆಯ ಮಗ್ಗಲಿಗೆ ಇನ್ನೊಂದು. ಹತ್ತಿರ ಹೋಗಿ ನೋಡಿದೆ. ಒಂದು ಗೆರೆ ಗೋಡೆಗೆ ಬಳಿಯುವ ಕೆಮ್ಮಣ್ಣಿನದು. ಇನ್ನೊಂದು ಭಾನುವಳ್ಳಿ ಗದ್ದೆಯ ಕಪ್ಪು ಮಣ್ಣಿನದು. ಎರಡೂ ದಾರ ಹಿಡಿದು ಎಳೆದ ಹಾಗೆ ನೆಟ್ಟಗಿದ್ದವು, ಎರಡರ ಮೇಲೂ ಹೆಬ್ಬೆರಳಿನ ಗುರುತು ಬೇರೆ ಬೇರೆ ಅಗಲದಲ್ಲಿ ಎದ್ದು ಕಾಣುತ್ತಿತ್ತು.

ತಿರುಗಿ ನೋಡಿದೆ. ವೀರಭದ್ರಪ್ಪ ಜಂತೆ ಎಣಿಸುತ್ತಿದ್ದರು. ಚನ್ನಬಸಪ್ಪ ಕಾಲ ಬೆರಳಿನಿಂದ ನೆಲ ಕೆರೆಯುತ್ತಿದ್ದ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಇಬ್ಬರ ಕೈಗಳೂ ಬೆನ್ನ ಹಿಂದೆ ಇದ್ದವು.

ನಾನು ಹೊರಗೆ ಬಂದು ಬಾವಿಯಿಂದ ನೀರು ಸೇದಿ, ಪಂಪಿಗೆ ಬರೀ ನೀರು ತುಂಬಿಕೊಂಡು ಹೋಗಿ, ಕಂಬದ ಸುತ್ತ ಚೆನ್ನಾಗಿ ಹೊಡೆದೆ.

"ಜೋರೈತ್ರಿ ಈ ಸಲ" ಎಂದೆ. "ಮುಂದಿನ ವರ್ಷನೂ ಬಂದು ನೋಡಬೇಕಾಗ್ತೈತೆ."

"ಬರ್ರಿ" ಎಂದರು ಇಬ್ಬರೂ ಒಟ್ಟಿಗೆ.